ದಿನಾ ಓಡಾಡೋಕೆ ಲೈಕಾ ಬೇಕೇ ಬೇಕಾ?

ರೇಂಜ್‌ಫೈಂಡರ್, ಅಂದರೆ ಎರಡು ಬಿಂಬ ಕೂಡಿಸಿ ಫೋಕಸ್ ಮಾಡುವ ಕ್ಯಾಮೆರಾ, ಅಂದ ತಕ್ಷಣ ಎಲ್ಲರೂ ಲೈಕಾ ಹೆಸರು ಹೇಳುತ್ತಾರೆ. ತಪ್ಪೇನಿಲ್ಲ. 1954ರ ಲೈಕಾ ಎಂ3 ಕಣ್ಣಿಗಿಟ್ಟು ನೋಡಿ, ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಕಿಟಕಿ) ಎಷ್ಟು ದೊಡ್ಡದಾಗಿ, ತಿಳಿಯಾಗಿ ಕಾಣುತ್ತದೆ ಅಂದರೆ ಎರಡೂ ಕಣ್ಣು ತೆರೆದುಕೊಂಡೇ ಫೋಟೋ ತೆಗೆಯಬಹುದು. ಲೆನ್ಸ್ ಬದಲಿಸಬಹುದು, ಬ್ಯಾಟರಿ ಹಂಗೇ ಇಲ್ಲ. ಬೇರೆ ಬೇರೆ ಲೆನ್ಸ್ ಬೇಕು ಅನ್ನುವವರು ಖಂಡಿತ ಆ ಕಡೆ ಹೋಗಲಿ. ಒಂದೇ ಲೆನ್ಸ್ ಸಾಕು ಅನ್ನುವವರು ಆ ದುಡ್ಡಿಗೆ ಸುಮ್ನೆ ಫಿಲ್ಮ್ ತಗೊಳ್ಳಬಹುದು, ಅಲ್ವಾ?

ನಾನು ಬಳಸುವುದು ಕ್ಯಾನನ್ ಕಂಪನಿಯ ಹಳೆಯ ರೇಂಜ್‌ಫೈಂಡರ್, ಕ್ಯಾನನೆಟ್ ಕ್ಯೂಎಲ್17 ಜಿ3. 40 ಎಂಎಂ ಎಫ್/1.7 ಲೆನ್ಸ್, ಕಳಚುವಂತಿಲ್ಲ. ಫೋಕಸ್ ಮಾಡುವ ರೀತಿ ಎರಡರಲ್ಲೂ ಒಂದೇ: ವ್ಯೂಫೈಂಡರ್ ನಡುವಿನ ಪುಟ್ಟ ಜಾಗದಲ್ಲಿ ಎರಡೆರಡು ಬಿಂಬ ಕಾಣುತ್ತವೆ, ರಿಂಗ್ ತಿರುಗಿಸುತ್ತಾ ಒಂದರ ಮೇಲೊಂದು ಕೂರಿಸಬೇಕು, ಅಷ್ಟೇ. ಲೆನ್ಸ್ ಒಳಗೇ ಇರುವ ಲೀಫ್ ಶಟರ್ ಸದ್ದು ತುಂಬಾ ಕಡಿಮೆ. ಫಿಲ್ಮ್ ಎಳೆಯುವ ಲಿವರ್‌ದೇ ಜಾಸ್ತಿ ಗಲಾಟೆ. ಫ್ಲ್ಯಾಶ್ 1/500 ಸೆಕೆಂಡ್ ಶಟರ್ ವೇಗದಲ್ಲೂ ನಡೆಯುತ್ತದೆ, ಲೈಕಾ ಎಂ6ನಲ್ಲಿ 1/50 ದಾಟುವಂತಿಲ್ಲ!

ತಲೆನೋವೂ ಇದೆ. ಬೆಳಕು ಅಳೆಯುವ ಮೀಟರ್ ಕೇಳುವುದು 1.35 ವೋಲ್ಟಿನ ಪಾದರಸದ ಸೆಲ್, ಅದು ಈಗ ಬರುತ್ತಿಲ್ಲ. ಕಿವಿ ಕೇಳಿಸುವ ಯಂತ್ರದ ಝಿಂಕ್-ಏರ್ ಸೆಲ್ಲಿಗೆ ಒಂದು ರಿಂಗ್ ತೊಡಿಸಿ ಕೂರಿಸಿದರೆ 1.4 ವೋಲ್ಟ್ ಸಿಗುತ್ತದೆ, ಕೆಲಸ ನಡೆಯುತ್ತದೆ. ಹಿಂಬದಿ ಬಾಗಿಲಿನ ಫೋಮ್ ಸಾಮಾನ್ಯವಾಗಿ ಕರಗಿ ಅಂಟಂಟಾಗಿರುತ್ತದೆ. ಕೆರೆದು ತೆಗೆದು ಹೊಸದು ಅಂಟಿಸಬೇಕು, ಇಲ್ಲಾಂದ್ರೆ ಬೆಳಕು ಒಳಗೆ ನುಗ್ಗುತ್ತದೆ. ಇದೇ ಥರದ ಇನ್ನೊಂದು ಕ್ಯಾಮೆರಾ ಯಾಶಿಕಾ ಎಲೆಕ್ಟ್ರೋ 35 ಕೂಡ ಒಳ್ಳೆಯದೇ, ಲೆನ್ಸ್ ಚೆನ್ನಾಗಿದೆ, ಆದರೆ ಬ್ಯಾಟರಿ ಸತ್ತರೆ ಶಟರ್ ವೇಗ ನಿಮ್ಮ ಕೈಯಲ್ಲಿರುವುದಿಲ್ಲ. ಕ್ಯಾನನೆಟ್‌ನಲ್ಲಿ ಆ ತೊಂದರೆ ಇಲ್ಲ, ಮೀಟರ್ ಮಾತ್ರ ಹೋಗುತ್ತದೆ.