ಬಿಸಿಲ ಕರಾವಳಿಯಲ್ಲಿ ಜೋನಿಬೆಲ್ಲ

ತೆಳ್ಳಗೆ ಹೆಚ್ಚಿ, ಹಿಟ್ಟಿನಲ್ಲಿ ಹೊರಳಿಸಿ, ಗರಿಗರಿಯಾಗಿ ಕರಿದ ಬದನೆಕಾಯಿ. ಮೇಲೆ ನೂಲೆಳೆಯಂತೆ ಸುರಿದ ಕಪ್ಪು ಪಾಕ. ಸ್ಪೇನಿನ ಫ್ರಿಹಿಲಿಯಾನಾ ಊರಿನ ಸಣ್ಣ ಹೋಟೆಲಿನಲ್ಲಿ ಮೊದಲ ಚೂರು ಬಾಯಿಗಿಟ್ಟು ಮಗಳ ಮುಖ ನೋಡಿದೆ.

"ಜೋನಿಬೆಲ್ಲ ಅಲ್ವಾ ಅಪ್ಪಾ?" ಎಂದಳು.

ಹೌದು, ಜೋನಿಬೆಲ್ಲವೇ. ನಮ್ಮ ಶಿರಸಿ ಕಡೆಯದರ ಹೊಂಬಣ್ಣ ಇದಕ್ಕಿಲ್ಲ, ಹರಳೂ ಇಲ್ಲ. ಪಾಕ ಒಲೆಯ ಮೇಲೆ ಇನ್ನೊಂದಿಷ್ಟು ಹೊತ್ತು ಉಳಿದರೆ ಬರುವ ಸಣ್ಣ ಕಹಿ ನಾಲಿಗೆಯ ತುದಿಯಲ್ಲಿ ನಿಲ್ಲುತ್ತದೆ. ಆದರೂ ದೋಸೆಗೆ ತುಪ್ಪ, ಬೆಲ್ಲ ಹಚ್ಚಿಕೊಂಡು ತಿಂದು ಬೆಳೆದವನಿಗೆ ಗುರುತು ಸಿಗದೆ ಹೋದೀತೇ? ಇಲ್ಲಿಯವರು ಇದನ್ನು 'ಮಿಯೆಲ್ ದೆ ಕಾನ್ಯಾ' ಅನ್ನುತ್ತಾರೆ. ಕಬ್ಬಿನ ಜೇನು ಎಂದರ್ಥ.

ಮಗಳು ಓದುತ್ತಿರುವುದು ಮಾಲಗಾದಲ್ಲಿ. ಏಪ್ರಿಲ್‌ನಲ್ಲಿ ಒಂದು ವಾರ ಅವಳ ಜೊತೆ ಇರಲು ಹೋಗಿದ್ದೆ. ಸ್ಪೇನಿನ ಈ ದಕ್ಷಿಣ ಅಂಚಿನ ಹೆಸರೇ ಕೋಸ್ತಾ ದೆಲ್ ಸೋಲ್, ಬಿಸಿಲ ಕರಾವಳಿ. ಬರುವವರೆಲ್ಲ ಸಮುದ್ರಕ್ಕೆಂದೇ ಬರುತ್ತಾರೆ. ನಾವೂ ನೆರ್ಹಾದ ಬಂಡೆಯ ತುದಿಯಲ್ಲಿ ನಿಂತು ಮೆಡಿಟರೇನಿಯನ್ನಿನ ನೀಲಿ ನೋಡಿದೆವು, 1959ರಲ್ಲಿ ಊರಿನ ಐವರು ಹುಡುಗರು ಕಂಡುಹಿಡಿದ ಗುಹೆಗೆ ಇಳಿದೆವು. ಚೆನ್ನಾಗಿಯೇ ಇತ್ತು. ಆದರೆ ಬದನೆಕಾಯಿ ತಿಂದ ಮೇಲೆ ನನಗೆ ಬೇರೆ ಯಾವುದೂ ಬೇಡವಾಯಿತು, ಕಬ್ಬಿನ ಹಿಂದೆಯೇ ಹೊರಟೆ.

ಫ್ರಿಹಿಲಿಯಾನಾ ನೆರ್ಹಾದಿಂದ ಆರೇಳು ಕಿಲೋಮೀಟರ್ ಮೇಲೆ, ಗುಡ್ಡಕ್ಕೆ ಅಂಟಿಕೊಂಡ ಸುಣ್ಣದ ಬಿಳುಪಿನ ಊರು. ಊರೊಳಗೆ ಕಾಲಿಡುತ್ತಲೇ 'ಎಲ್ ಇನ್ಹೆನಿಯೊ' ಎಂಬ ದೊಡ್ಡ ಕಟ್ಟಡ ಎದುರಾಗುತ್ತದೆ. 16ನೇ ಶತಮಾನದಲ್ಲಿ ಮಾನ್ರಿಕೆ ದೆ ಲಾರಾ ಮನೆತನದ ಅರಮನೆಯಾಗಿದ್ದದ್ದು ಮುಂದೆ ಕಬ್ಬಿನ ಗಿರಣಿಯಾಯಿತು. ಯುರೋಪಿನ ಮುಖ್ಯ ಭೂಭಾಗದಲ್ಲಿ ಕಬ್ಬಿನ ಜೇನು ಮಾಡುವ ಕಾರ್ಖಾನೆ ಉಳಿದಿರುವುದು ಇದೊಂದೇ. ಗೋಡೆಯ ಪಕ್ಕ ಹಾದುಹೋಗುವಾಗ ಸಿಹಿ ಕಮಟು ಗಾಳಿ ಮೂಗಿಗೆ ಬಡಿಯಿತು. ಆಲೆಮನೆಯ ಕೊಪ್ಪರಿಗೆ ಇಳಿಸುವ ಹೊತ್ತಿನ ವಾಸನೆ ಅದು.

ಕಬ್ಬನ್ನು ಇಲ್ಲಿಗೆ ತಂದವರು ಅರಬರು. ಸ್ಪ್ಯಾನಿಷ್‌ನಲ್ಲಿ ಸಕ್ಕರೆಗೆ 'ಅಸೂಕರ್' ಅನ್ನುತ್ತಾರೆ, ಅರಬ್ಬಿಯ 'ಅಸ್-ಸುಕ್ಕರ್'ನಿಂದ ಬಂದದ್ದು. ಅದರ ಬೇರು ಹಿಡಿದು ಹೋದರೆ ಪರ್ಷಿಯನ್ ದಾಟಿ ಸಂಸ್ಕೃತದ 'ಶರ್ಕರಾ' ಸಿಗುತ್ತದೆ. ನಮ್ಮ ಸಕ್ಕರೆಯೂ ಅಲ್ಲಿಂದಲೇ ಬಂದದ್ದು. ಕಾಲುವೆ ತೋಡಿ, ಗುಡ್ಡ ಕಡಿದು ಮೆಟ್ಟಿಲು ಗದ್ದೆ ಮಾಡಿದ ಆ ಜನರ ಮಕ್ಕಳು ಮೊಮ್ಮಕ್ಕಳು ಕ್ರೈಸ್ತ ಮತಕ್ಕೆ ಬಲವಂತದ ಮತಾಂತರವಾದ ನಂತರ ದಂಗೆಯೆದ್ದರು. 1569ರಲ್ಲಿ ಈ ಊರಿನ ಮೇಲಿನ ಬಂಡೆಯ ಬಳಿ ಯುದ್ಧವಾಗಿ ಸೋತರು; ಆಮೇಲೆ ಅವರನ್ನು ಊರು ಬಿಡಿಸಲಾಯಿತು. ಹಳೆಯ ಓಣಿಗಳ ಗೋಡೆಯಲ್ಲಿ ಹೆಂಚಿನ ಫಲಕಗಳು ಆ ಕಥೆ ಹೇಳುತ್ತವೆ. ಮಗಳು ಒಂದೊಂದನ್ನೂ ನಿಂತು ಓದಿ ಹೇಳಿದಳು. ಗಂಟಲು ಕಟ್ಟಿದಂತಾಯಿತು. ನೆಲ ಹದ ಮಾಡಿದವರಿಗೇ ನೆಲ ಇಲ್ಲವಾಯಿತಲ್ಲ.

ಮರುದಿನ ನೆರ್ಹಾ ಪಕ್ಕದ ಹಳ್ಳಿ ಮಾರೊ ಹತ್ತಿರದ ಮೇಲ್ಗಾಲುವೆ. ಕಮಾನಿನ ಮೇಲೆ ಕಮಾನು, ನಾಲ್ಕು ಅಂತಸ್ತು, ಒಟ್ಟು 37. 19ನೇ ಶತಮಾನದಲ್ಲಿ ಸಕ್ಕರೆ ಕಾರ್ಖಾನೆಗೆ ನೀರು ಒಯ್ಯಲು ಕಟ್ಟಿದ್ದು. ಕಾರ್ಖಾನೆ ಪಾಳು ಬಿದ್ದಿದೆ. ನೀರು ಇವತ್ತಿಗೂ ತೋಟಗಳಿಗೆ ಹೋಗುತ್ತದೆ. ಈಗ ಆ ಸೀಮೆಯ ಇಳಿಜಾರುಗಳಲ್ಲಿ ಬೆಣ್ಣೆಹಣ್ಣು, ಮಾವು.

ಕಡೆಯ ದಿನ ಬಸ್ಸು ಹಿಡಿದು ಇನ್ನೂ ಪೂರ್ವಕ್ಕೆ, ಸಲೊಬ್ರೇನ್ಯಾಕ್ಕೆ ಹೋದೆವು. ಈ ಕರಾವಳಿಯ ಕೊನೆಯ ಸಕ್ಕರೆ ಕಾರ್ಖಾನೆ ಅಲ್ಲಿ 2006ರಲ್ಲಿ ಮುಚ್ಚಿತು. ಕೋಟೆಯ ಬಂಡೆಯ ಕೆಳಗಿನ ಬಯಲಿನಲ್ಲಿ ಸೀತಾಫಲದ ನಂಟಿನ ಚಿರಿಮೋಯಾ ಮರಗಳಿವೆ. ಕಲ್ಲುಬೆಂಚಿನ ಮೇಲೆ ಕೂತಿದ್ದ ಅಜ್ಜನೊಬ್ಬನನ್ನು ಮಗಳು ಮಾತಾಡಿಸಿದಳು. ಹದಿನಾರನೇ ವಯಸ್ಸಿನಿಂದ ಕಬ್ಬು ಕಡಿದವನಂತೆ. ಎಡಗೈಯಲ್ಲಿ ಗಳ ಹಿಡಿದು, ಬಾಗಿ, ಬುಡಕ್ಕೆ ಕತ್ತಿ ಬೀಸುವುದನ್ನು ಕೂತಲ್ಲೇ ಮಾಡಿ ತೋರಿಸಿದ. ನಾನೂ ಎದ್ದು ನಿಂತು ಹಾಗೆಯೇ ಮಾಡಿದೆ. ಅವನು ನಕ್ಕು, ನನ್ನ ಮೊಣಕೈ ಹಿಡಿದು ಇನ್ನಷ್ಟು ಕೆಳಗೆ ಒತ್ತಿದ. ಬುಡದಲ್ಲೇ ಸಿಹಿ ಹೆಚ್ಚು, ಅಲ್ಲಿ ಬಿಡಬಾರದು ಅಂದನಂತೆ.

ಆಮೇಲೆ ಕೇಳಿದ: "ನಿಮ್ಮಲ್ಲಿ ಇನ್ನೂ ಕಡಿಯುತ್ತಾರಾ? ಯಾವ ತಿಂಗಳು?"