ಹೊಸ ಹಾಯಿ ಹಾಕಿದರೆ ದೋಣಿ ಓಡುತ್ತಾ?

ಕಾರವಾರದಲ್ಲಿ ಲೇಸರ್ ಅನ್ನುವ ಹಾಯಿದೋಣಿ ಓಡಿಸುವ ಹುಡುಗ ಹುಡುಗಿಯರು, ಅವರ ಅಪ್ಪ ಅಮ್ಮಂದಿರು ನನ್ನನ್ನು ಕೇಳುವ ಪ್ರಶ್ನೆ ಇದೇ. ರೇಸಿನಲ್ಲಿ ದೋಣಿ ಹಿಂದೆ ಬೀಳ್ತಾ ಇದೆ, ಹೊಸ ಹಾಯಿ ತಗೊಳ್ಳೋಣವಾ?

ಈಗಲೇ ಬೇಡ. ಮೊದಲು ದೋಣಿಯ ಹೊಟ್ಟೆಯಲ್ಲಿ, ಅಂದರೆ ಮುಚ್ಚಿದ ಒಡಲಿನ ಟೊಳ್ಳಿನಲ್ಲಿ, ನೀರು ಸೇರಿದೆಯಾ ನೋಡಿ.

ಲೇಸರ್, ಅಂದರೆ ಈಗ ಐಎಲ್‌ಸಿಎ ಅಂತ ಕರೆಯುವ ಈ ಒಬ್ಬರೇ ಓಡಿಸುವ ದೋಣಿ ಉದ್ದದಲ್ಲಿ 4.2 ಮೀಟರ್ ಚಿಲ್ಲರೆ, ಬರೀ ಒಡಲಿನ ತೂಕ 60 ಕೆಜಿ ಹತ್ತಿರ. ನಿಯಮದ ಪ್ರಕಾರ ಎಲ್ಲರದ್ದೂ ಒಂದೇ ಅಚ್ಚು. ಹಾಗಾಗಿ ಇಟ್ಟುಕೊಂಡ ರೀತಿ, ಓಡಿಸುವ ರೀತಿ ಎರಡರಲ್ಲೇ ಹೆಚ್ಚುಕಡಿಮೆ ಆಗೋದು. ಒಳಗೆ 5 ಲೀಟರ್ ನೀರು ಸೇರಿದರೆ 5 ಕೆಜಿ ಹೊರೆ, ಅದೂ ಅತ್ತಿತ್ತ ಓಡಾಡುವ ಹೊರೆ.

ನೀರು ಜಾಸ್ತಿ ನುಗ್ಗುವ ಜಾಗ ಮಾಸ್ಟ್, ಅಂದರೆ ಹಾಯಿಯ ಕಂಬ, ನಿಲ್ಲಿಸುವ ಕುಳಿ. ನಾವು ಟ್ಯಾಗೋರ್ ಕಡಲತೀರದ ಮರಳಿನಲ್ಲೇ ದೋಣಿ ಸಜ್ಜು ಮಾಡುತ್ತೇವೆ ಅಲ್ವಾ, ಮಾಸ್ಟಿನ ಬುಡಕ್ಕೆ ಅಂಟಿದ ಮರಳು ಕುಳಿಯೊಳಗೆ ಹೋಗುತ್ತದೆ. ಮಾಸ್ಟ್ ತಿರುಗಿದಾಗಲೆಲ್ಲ ಆ ಮರಳು ತಳವನ್ನು ಉಜ್ಜಿ ಉಜ್ಜಿ ತೆಳ್ಳಗೆ ಮಾಡುತ್ತದೆ. ಪರೀಕ್ಷೆ ಸುಲಭ. ದೋಣಿಯನ್ನು ಸಮತಟ್ಟಾಗಿ ಇಟ್ಟು ಕುಳಿಯ ತುಂಬ ಸಿಹಿನೀರು ಹಾಕಿ, ನೀರಿನ ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ, ಸ್ವಲ್ಪ ಹೊತ್ತು ಬಿಡಿ. ಮಟ್ಟ ಇಳಿದರೆ ಕುಳಿ ಸೋರುತ್ತಿದೆ ಅಂತಲೇ ಅರ್ಥ. ಹಾಗಿದ್ದರೆ ಸಮುದ್ರಕ್ಕೆ ಇಳಿಸಲೇಬೇಡಿ. ಜೋರು ಗಾಳಿಯಲ್ಲಿ ಮಾಸ್ಟಿನ ಪೂರ್ತಿ ಒತ್ತಡ ಬೀಳುವುದು ಅಲ್ಲೇ, ಒಡೆದರೆ ದೋಣಿಯ ಮೇಲ್ಭಾಗದ ಡೆಕ್ಕೇ ಕಿತ್ತು ಬರುತ್ತದೆ. ಪ್ರತಿಸಲ ಮಾಸ್ಟನ್ನು ಕುಳಿಗೆ ಇಳಿಸುವ ಮೊದಲು ಬುಡ ತೊಳೆಯಿರಿ, ಕುಳಿಯೊಳಗೂ ಒಮ್ಮೆ ಒದ್ದೆ ಬಟ್ಟೆ ಆಡಿಸಿ. ದಡಕ್ಕೆ ಬಂದ ಮೇಲೆ ದೋಣಿಯ ಹಿಂತುದಿಯಲ್ಲಿರುವ, ನೀರು ಬಸಿಯುವ ತೂತಿನ ಬಿರಡೆ ತೆಗೆದಿಡಿ. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಜೋಡಣೆಗಳನ್ನು ಒತ್ತುತ್ತದೆ.

ಇನ್ನು ಹಾಯಿ. ರೇಸಿಗಿಂತ ಜಾಸ್ತಿ ಅದು ಹಾಳಾಗುವುದು ದಡದಲ್ಲೇ. ಹಾಯಿ ಏರಿಸಿ, ಗಾಳಿಗೆ ಪಟಪಟ ಹೊಡೆದುಕೊಳ್ಳಲು ಬಿಟ್ಟು ಚಹಾ ಕುಡಿಯಲು ಹೋಗುತ್ತಾರೆ, ನನಗೆ ನಿಜವಾಗಿ ಸಂಕಟವಾಗುತ್ತದೆ. ಆ ಬಡಿತಕ್ಕೆ ಬಟ್ಟೆಯ ಬಿಗಿಯೇ ಹೋಗುತ್ತದೆ. ಹೊರಡುವ ಹೊತ್ತಿಗೆ ಏರಿಸಿ, ಬಂದ ಕೂಡಲೇ ಇಳಿಸಿ, ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ಮಡಚದೆ ಸುತ್ತಿಡಿ. ಉಪ್ಪು ಉಳಿದರೆ ತೇವ ಹಿಡಿದುಕೊಂಡೇ ಇರುತ್ತದೆ. ಅಲ್ಯುಮಿನಿಯಂ ಮಾಸ್ಟಿಗೆ ಸ್ಟೀಲ್ ರಿವೆಟ್ ಸೇರುವ ಕಡೆಯೂ ಉಪ್ಪು ತಿನ್ನುತ್ತದೆ, ಅಲ್ಲಿಗೂ ನೀರು ಬಿಡಿ.

ಓಡಿಸುವಾಗ ಒಂದೇ ಮಾತು, ದೋಣಿ ಮಟ್ಟಸವಾಗಿರಲಿ. ವಾಲಿದ ದೋಣಿ ಪಕ್ಕಕ್ಕೆ ಜಾರುತ್ತದೆ, ಚುಕ್ಕಾಣಿ ಭಾರವಾಗಿ ಎಳೆಯುತ್ತದೆ, ಆ ಎಳೆತವೇ ಬ್ರೇಕ್. ಗಾಳಿ ಜೋರಾಗಿ ಬಂದಾಗ ಹಾಯಿಯನ್ನು ಎಳೆದು ಹಿಡಿಯುವ ಮೇನ್‌ಶೀಟ್ ಹಗ್ಗವನ್ನು ಒಂದು ಗೇಣು ಬಿಡಿ, ಮೈ ಹೊರಗೆ ಚಾಚಿ, ದೋಣಿ ಮಟ್ಟಕ್ಕೆ ಬರುತ್ತಿದ್ದ ಹಾಗೇ ಹಗ್ಗ ಮತ್ತೆ ಎಳೆದುಕೊಳ್ಳಿ. ಹಗ್ಗ ಬಿಗಿಹಿಡಿದು ಸುಮ್ನೆ ಕೂತರೆ ಆಗಲ್ಲ. ಮಟ್ಟಸ ಇದ್ದರೂ ಚುಕ್ಕಾಣಿ ಭಾರ ಅನ್ನಿಸಿದರೆ ಅದರ ಹಲಗೆ ಪೂರ್ತಿ ಕೆಳಗಿಳಿದಿದೆಯಾ ನೋಡಿ. ಸ್ವಲ್ಪ ಮೇಲೆದ್ದಿದ್ದರೂ ಕೈ ಸೋಲುತ್ತದೆ.

ನಮ್ಮ ಗಾಳಿಯ ಲೆಕ್ಕವೂ ಗೊತ್ತಿರಲಿ. ಮಳೆಗಾಲ ಮುಗಿದ ಮೇಲೆ ಬೆಳಗ್ಗೆ ನೆಲದ ಕಡೆಯಿಂದ ಮೆಲ್ಲಗೆ ಬೀಸುತ್ತದೆ, ಮಧ್ಯಾಹ್ನ ಪಡುವಣದಿಂದ. ಮಧ್ಯಾಹ್ನದ ಗಾಳಿಯಲ್ಲಿ ಏನಾದರೂ ಮುರಿದರೂ ದೋಣಿ ದಡದ ಕಡೆ ಬರುತ್ತದೆ. ಬೆಳಗಿನದು ಹೊರಗೆ ಒಯ್ಯುತ್ತದೆ, ಸಮುದ್ರದ ಇಳಿತದ ಹೊತ್ತಲ್ಲಿ ಕಾಳಿ ನದಿಯ ನೀರೂ ಹೊರಗೇ ಎಳೆಯುತ್ತದೆ. ಹೊಸಬರು ಆ ಹೊತ್ತಿಗೆ ಅಳಿವೆ ಕಡೆ ಒಬ್ಬರೇ ಹೋಗಬೇಡಿ. ಮಧ್ಯಾಹ್ನ ಇಳಿತವಿದ್ದರೆ ಎದುರು ಗಾಳಿಗೆ ಸಿಕ್ಕಿ ಅಲ್ಲಿ ಅಲೆಗಳು ಗಿಡ್ಡ, ಕಡಿದಾಗಿ ಏಳುತ್ತವೆ. ಲೈಫ್ ಜಾಕೆಟ್ ಯಾವತ್ತೂ ಬಿಡಬೇಡಿ. ಅರ್ಗಾ ಕಡೆ ನೌಕಾನೆಲೆ ಇದೆ, ಆ ದಿಕ್ಕೇ ಬೇಡ.

ಇಷ್ಟೆಲ್ಲ ಸರಿ ಮಾಡಿದ ಮೇಲೂ ಹಿಂದೆ ಬೀಳುತ್ತಿದ್ದೀರಾ? ಹಾಗಾದರೆ ಹಾಯಿ ಮುಟ್ಟಿ ನೋಡಿ. ಗರಿಗರಿ ಹೋಗಿ ಮೆತ್ತಗಾಗಿದ್ದರೆ, ಎಷ್ಟು ಎಳೆದರೂ ಸುಕ್ಕು ಹೋಗದಿದ್ದರೆ, ಆಗ ಹೊಸದು ತಗೊಳ್ಳಿ. ಹಳೇದನ್ನು ಎಸೆಯಬೇಡಿ. ದಿನದ ಅಭ್ಯಾಸಕ್ಕೆ ಅದೇ ಇರಲಿ, ಹೊಸದನ್ನು ರೇಸಿಗೆ ಮಾತ್ರ ಬಿಚ್ಚಿ.