ಹಿಮ ಬೀಳದ ಊರಲ್ಲಿ ಚಳಿಯ ಚಿತ್ರ

"ಸರ್, ನಮ್ಮ ವಿಜಯಪುರದಾಗ ಹಿಮಾ ಬೀಳಂಗಿಲ್ಲ. ಮತ್ತ ಚಿತ್ರದಾಗ ಚಳಿ, ಬಡತನ ಹೆಂಗ ತೋರಸೂದ್ರಿ?" ಚಿತ್ರಕಲೆ ಕಲಿಯಲು ಬರುವ ಹುಡುಗರು ಪ್ರತಿ ವರ್ಷ ಕೇಳುವ ಪ್ರಶ್ನೆ ಇದು. ಮೊದಲು ದನದ ಬೆನ್ನು ನೋಡ್ರಿ ಅನ್ನುತ್ತೇನೆ.

ಆಮೇಲೆ ರಷ್ಯಾದ ವಸೀಲಿ ಪೆರೋವ್ 1865ರಲ್ಲಿ ಬರೆದ ಎಣ್ಣೆಬಣ್ಣದ ಚಿತ್ರವೊಂದನ್ನು ತೋರಿಸುತ್ತೇನೆ. ಮೂಲಚಿತ್ರ ಮಾಸ್ಕೋದ ತ್ರೆತ್ಯಕೋವ್ ಗ್ಯಾಲರಿಯಲ್ಲಿದೆ. ಹಿಮದ ದಾರಿಯಲ್ಲಿ ಒಂಟಿ ಕುದುರೆ ಜಾರುಬಂಡಿ ಎಳೆಯುತ್ತಿದೆ. ಬಂಡಿಯಲ್ಲಿ ರೈತನ ಶವಪೆಟ್ಟಿಗೆ, ಇಬ್ಬರು ಮಕ್ಕಳು, ಜೊತೆಗೊಂದು ನಾಯಿ. ಹೆಂಡತಿ ನಮಗೆ ಬೆನ್ನು ಮಾಡಿ ಕುಳಿತಿದ್ದಾಳೆ, ಮುಖ ಕಾಣುವುದೇ ಇಲ್ಲ. ಅವಳ ಬಾಗಿದ ಬೆನ್ನಿಗೂ ತಲೆ ತಗ್ಗಿಸಿದ ಕುದುರೆಯ ಬೆನ್ನಿಗೂ ಒಂದೇ ಬಾಗು. ಹಿಮ ಕೂಡ ಬೂದು, ಕಂದು. ಆ ಮನೆಯ ದುಃಖವನ್ನು ಕುದುರೆಯೂ ಹೊತ್ತಿದೆ ಅಂತ ನೋಡಿದಾಗಲೆಲ್ಲ ಅನಿಸುತ್ತದೆ.

ಸಂಕ್ರಾಂತಿ ಹೊತ್ತಿಗೆ ನಮ್ಮೂರ ಸಿದ್ಧೇಶ್ವರ ಜಾತ್ರೆಯ ದನದ ಸಂತೆಗೆ ನಸುಕಿನಲ್ಲಿ ಹೋಗಿ ನಿಲ್ಲಿ. ಖಿಲಾರಿ ಎತ್ತು ಬೆನ್ನು ಗೂನು ಮಾಡಿ, ಮೈಗೂದಲು ನಿಮಿರಿಸಿ ನಿಂತಿರುತ್ತದೆ. ಪಕ್ಕದಲ್ಲಿ ಕೌದಿ ಹೊದ್ದ ರೈತ, ಒಂದಿಷ್ಟು ಕಣಿಕೆ. ಎತ್ತು ಬಿಳಿ ಅಂತ ಟ್ಯೂಬಿನ ಬಿಳಿಯನ್ನೇ ಬಳಿದರೆ ಸುಣ್ಣ ಹೊಡೆದ ಗೋಡೆಯಂತಾಗುತ್ತದೆ. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಅಂಬರ್ ಎಂಬ ಗಾಢ ಕಂದು ಬೆರೆಸಿದರೆ ಒಳ್ಳೆಯ ಬೂದು ಬರುತ್ತದೆ. ಅದಕ್ಕೆ ಬಿಳಿ ಸೇರಿಸುತ್ತ ಹೋಗಿ. ಹೊಟ್ಟೆಯ ಕೆಳಗೆ ನೀಲಿ ಹೆಚ್ಚಿರಲಿ. ಮೊದಲ ಬಿಸಿಲು ತಾಗಿದ ಇಣಿಯ, ಅಂದರೆ ಹೆಗಲ ಡುಬ್ಬದ, ಮೇಲಷ್ಟೇ ತುಸು ಯೆಲ್ಲೋ ಓಕರ್ ಎಂಬ ಮಣ್ಣಿನ ಹಳದಿ.

ನೆರಳನ್ನು ಬಣ್ಣ ತೆಳುವಾಗಿಸುವ ಟರ್ಪಂಟೈನ್ ಬೆರೆಸಿ ತೆಳ್ಳಗೆ ಹಾಕಿ, ಬೆಳಕನ್ನು ದಪ್ಪಗೆ. ಪಕ್ಕೆಲುಬಿಗೆ ಗೆರೆ ಎಳೆಯಲೇಬೇಡಿ. ಹಸಿ ಬೂದು ಬಣ್ಣದ ಮೇಲೆ ಒಂದೊಂದು ಎಲುಬಿಗೆ ಒಂದೊಂದು ತಿಳಿ ಬಣ್ಣದ ಪಟ್ಟಿ ಇಟ್ಟು, ಅದರ ಕೆಳ ಅಂಚನ್ನು ಮಾತ್ರ ಒಣ ಬ್ರಶ್ಶಿನಿಂದ ಸವರಿ. ಎಲುಬು ಚರ್ಮದ ಒಳಗೇ ಉಳಿಯುತ್ತದೆ, ಮೇವು ಸಾಲದ ಮೈ ಕಾಣುತ್ತದೆ.

ಹೀಗೆ ಸವರಲು ಪುರುಸೊತ್ತು ಕೊಡುವುದು ಎಣ್ಣೆ. ನಾವು ಹಿಂಡಿ ಕುಟ್ಟಿ ರೊಟ್ಟಿಗೆ ಹಚ್ಚಿಕೊಳ್ಳುವ ಅಗಸಿಯದೇ ಎಣ್ಣೆ ಅದು. ನೀರಿನಂತೆ ಆರಿಹೋಗದೆ, ಗಾಳಿಯ ಆಮ್ಲಜನಕದ ಜೊತೆ ಸೇರಿ ದಿನಗಟ್ಟಲೆ ನಿಧಾನಕ್ಕೆ ಗಟ್ಟಿಯಾಗುತ್ತದೆ.

"ಅಕ್ರಿಲಿಕ್ ನಡಿಯೂದಿಲ್ಲೇನ್ರಿ?" ಅನ್ನುವವರಿಗೆ: ನಡೆಯುತ್ತದೆ, ಅದು ಬೇಗ ಒಣಗಿದರೂ ನಿಧಾನ ಒಣಗಿಸುವ ದ್ರಾವಣವೂ ಸಿಗುತ್ತದೆ. ಆದರೂ ನಾನು ಎಣ್ಣೆಬಣ್ಣವನ್ನೇ ಹಿಡಿಸುತ್ತೇನೆ. ಇವತ್ತು ಹಾಕಿದ ಬೆನ್ನಿನ ಬಾಗು ಸರಿಯಿಲ್ಲ ಅನಿಸಿದರೆ, ನಾಳೆ ಮತ್ತೆ ಎತ್ತನ್ನು ನೋಡಿ ಬಂದು ಹಸಿಯಾಗಿರುವಾಗಲೇ ತಿದ್ದಬಹುದು.